ಹದಿನೈದು ದಾಟಿದ ತಾಳೆ ತೋಟ: ಮಣ್ಣಿನ ಕಾರ್ಡ್ ಸರಿ ಉಂಟು, ಗೊನೆ ಮಾತ್ರ ಇಲ್ಲ

ಕಾರ್ಕಳ, ಹೆಬ್ರಿ, ಬೆಳ್ತಂಗಡಿ ಕಡೆ ಅಲ್ಲೊಂದು ಇಲ್ಲೊಂದು ಆಯಿಲ್ ಪಾಮ್, ಅಂದ್ರೆ ಎಣ್ಣೆ ತಾಳೆಯ ತೋಟ ಉಂಟು, ಅಡಿಕೆಯಷ್ಟು ಅಲ್ಲ, ಆದ್ರೂ ಹಳೇ ತೋಟ ಇದ್ದವರ ಕಂಪ್ಲೇಂಟ್ ಹೆಚ್ಚುಕಮ್ಮಿ ಒಂದೇ. ಹತ್ತು ವರ್ಷದವರೆಗೆ ಚಂದ ಇತ್ತು, ಈಗ ಗೊನೆ ಸಣ್ಣ, ಕೆಳಗಿನ ಮಡಲು ಹಳದಿ, ಗೊಬ್ಬರ ಮೊದ್ಲು ಹಾಕಿದಷ್ಟೇ ಹಾಕ್ತಾ ಇದ್ದೇವೆ, ಮಣ್ಣು ಟೆಸ್ಟ್ ಮಾಡಿಸಿದ್ರೆ ಎಲ್ಲ ಮಧ್ಯಮ, ಸಾವಯವ ಇಂಗಾಲ ಮಾತ್ರ ಅಧಿಕ ಅಂತ ಬರ್ತದೆ, ಹಾಗಾದ್ರೆ ಎಂತ ಆಗಿದೆ ಮಾರ್ರೆ ಇದಕ್ಕೆ?

ಆಗಿರೋದು ಇಷ್ಟು. ಮರಕ್ಕೆ ವಯಸ್ಸಾದ ಹಾಗೆ ತೋಟದ ಮಣ್ಣು ಒಂದೇ ಮಣ್ಣಾಗಿ ಉಳಿಯೋದಿಲ್ಲ. ಬುಡದ್ದು ಬೇರೆ, ಕೊಯ್ಲಿಗೆ ನಡೆಯೋ ದಾರಿದ್ದು ಬೇರೆ, ಕಡಿದ ಮಡಲು ರಾಶಿ ಹಾಕುವ ಸಾಲಿಂದು ಬೇರೆ, ಇದೆಲ್ಲದರ ನಡುವೆ ಯಾರೂ ಮುಟ್ಟದೆ ಬಿಟ್ಟ ಜಾಗದ್ದು ಮತ್ತೊಂದು. ನಾಲ್ಕನ್ನೂ ಬಕೆಟಲ್ಲಿ ಕಲಸಿ ಅರ್ಧ ಕೆಜಿ ಪ್ಯಾಕ್ ಮಾಡಿ ಕೊಟ್ರೆ ಲ್ಯಾಬಿನವರು ಆ ಕಲಸಿದ ಮಣ್ಣಿನ ಲೆಕ್ಕವನ್ನೇ ಕೊಡ್ತಾರೆ, ಅಂಥ ಮಣ್ಣು ನಿಮ್ಮ ತೋಟದಲ್ಲಿ ಎಲ್ಲಿಯೂ ಇಲ್ಲ. ಹಾಗಾಗಿ ಹಳೇ ತೋಟದಲ್ಲಿ ಯಾವ ಪೋಷಕಾಂಶ ಕಮ್ಮಿ ಅಂತ ಕೇಳೋ ಮೊದ್ಲು ಯಾವ ಜಾಗ ಕೆಟ್ಟಿದೆ ಅಂತ ಕೇಳ್ಬೇಕು.

ಮಣ್ಣಿಗೆ ಕೈ ಹಾಕೋ ಮೊದ್ಲು

ಮಣ್ಣಲ್ಲದ ಕಾರಣಗಳನ್ನ ಮೊದ್ಲು ಹೊರಗೆ ಹಾಕಿ, ಇಲ್ಲದಿದ್ರೆ ಸುಮ್ಮನೆ ದುಡ್ಡು ದಂಡ.

ಒಂದು ನೀರು. ತಾಳೆಯ ಹೂಗೊಂಚಲು ಗಂಡಾಗ್ಬೇಕೋ ಹೆಣ್ಣಾಗ್ಬೇಕೋ ಅಂತ ತೀರ್ಮಾನ ಆಗೋದು ಗೊನೆ ಕೊಯ್ಯೋದಕ್ಕೆ ಸುಮಾರು ಎರಡು ವರ್ಷ ಮೊದ್ಲು. ಆಗ ಮರಕ್ಕೆ ನೀರು ಸಾಲದೆ ಹೋದ್ರೆ ಗಂಡು ಹೂವೇ ಜಾಸ್ತಿ ಬರ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಆಕಾಶ ಹರಿದ ಹಾಗೆ ಸುರಿದು, ಡಿಸೆಂಬರ್‌ನಿಂದ ಮೇವರೆಗೆ ಮಳೆ ತೀರಾ ಕಮ್ಮಿ, ದೊಡ್ಡ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 150ರಿಂದ 200 ಲೀಟರ್ ಬೇಕು. ಎರಡು ವರ್ಷ ಹಿಂದಿನ ಏಪ್ರಿಲಲ್ಲಿ ಬಾವಿ ಬತ್ತಿತ್ತಾ, ಪಂಪ್ ಸುಟ್ಟಿತ್ತಾ, ಡ್ರಿಪ್ ಲೈನ್ ಹಂದಿ ಕಡಿದಿತ್ತಾ ಅಂತ ನೆನಪು ಮಾಡಿಕೊಳ್ಳಿ. ಗೊನೆಯ ಸಂಖ್ಯೆಯೇ ಕಮ್ಮಿ ಆಗಿ, ಗಂಡು ಹೂವು ಸಾಲಾಗಿ ಬಂದಿದ್ರೆ ಮೊದ್ಲು ಇದನ್ನೇ ಅನುಮಾನಿಸಿ, ಮಣ್ಣನ್ನಲ್ಲ.

ಇನ್ನೊಂದು ಪರಾಗಸ್ಪರ್ಶ. ತಾಳೆಗೆ ಆ ಕೆಲಸ ಮಾಡೋದು ಎಲಿಡೋಬಿಯಸ್ ಕಮೆರುನಿಕಸ್ ಅಂತ ಒಂದು ಪುಟ್ಟ ಸೊಂಡಿಲು ಹುಳ, ಆಫ್ರಿಕಾದ್ದು. ಜೋರು ಮಳೆಗೆ ಇದರ ಓಡಾಟ ಕಮ್ಮಿ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಅರಳಿದ ಹೂವಿನ ಗೊನೆ ಹಣ್ಣಾಗೋದು ಐದೂವರೆ ಆರು ತಿಂಗಳ ಮೇಲೆ, ಅಂದ್ರೆ ಜನವರಿ ಫೆಬ್ರವರಿಗೆ. ಆ ಗೊನೆ ಮಾತ್ರ ಒಳಗೆ ಪೊಳ್ಳು, ಅರ್ಧ ಕಾಯಿ ಕಟ್ಟಿಲ್ಲ, ಉಳಿದ ತಿಂಗಳಿನದ್ದು ಸರಿ ಉಂಟು ಅಂತಾದ್ರೆ ಅದಕ್ಕೆ ಡಾಲಮೈಟ್ (ಮೆಗ್ನೀಷಿಯಂ ಇರೋ ಸುಣ್ಣದಕಲ್ಲಿನ ಪುಡಿ) ಹಾಕಿ ಪ್ರಯೋಜನ ಇಲ್ಲ.

ಮತ್ತೊಂದು ಅಣಬೆ ರೋಗ. ಅಡಿಕೆ ತೆಂಗಿನಲ್ಲಿ ನೋಡಿದವರಿಗೆ ಗೊತ್ತಿರ್ತದೆ, ಅದೇ ಗ್ಯಾನೋಡರ್ಮಾ ಜಾತಿಯ ಅಣಬೆ ತಾಳೆಯ ಬುಡವನ್ನೂ ತಿಂತದೆ. ನಡು ಸುಳಿ ಎರಡು ಮೂರು ಬಿಚ್ಚದೆ ಒಟ್ಟಿಗೆ ನಿಂತಿರ್ತದೆ, ಕೆಳಗಿನ ಮಡಲು ಲಂಗದ ಹಾಗೆ ಕಾಂಡದ ಸುತ್ತ ಜೋತು ಬೀಳ್ತದೆ, ಕತ್ತಿಯ ಹಿಂಬದಿಯಿಂದ ಬುಡಕ್ಕೆ ಬಡಿದ್ರೆ ಟೊಳ್ಳು ಶಬ್ದ. ಹೆಚ್ಚಾಗಿ ಒಂದೊಂದು ಮರದಲ್ಲಿ ಶುರುವಾಗಿ ಪಕ್ಕದ ಮರಕ್ಕೆ ಹಬ್ತಾ ಹೋಗೋದು ಇದರ ಗುರುತು. ಮಣ್ಣಿನ ದೋಷ ಆದ್ರೆ ಇಡೀ ಸಾಲೋ, ಇಡೀ ಬರೆಯೋ (ಇಳಿಜಾರೋ), ಒಂದು ಮಗ್ಗುಲೋ ಒಟ್ಟಿಗೆ ಸಪ್ಪೆ ಆಗ್ತದೆ.

ಮಡಲು ಏನು ಹೇಳ್ತದೆ

ಲ್ಯಾಬಿಗೆ ಹೋಗೋ ಮೊದ್ಲೇ ಅರ್ಧ ಉತ್ತರ ಇಲ್ಲಿ ಸಿಗ್ತದೆ, ಅದಕ್ಕೆ ಬೆಳಿಗ್ಗೆ ಒಂಬತ್ತು ಹತ್ತು ಗಂಟೆ ಬಿಸಿಲಲ್ಲಿ ಹೋಗಿ ನೋಡಿ. ಹಳೇ ಮಡಲಿನ ಗರಿ ಕಿತ್ತಳೆ ಹಳದಿ ಆಗಿದ್ಯಾ? ಹಾಗಾದ್ರೆ ಆ ಗರಿಯ ಮೇಲೆ ಇನ್ನೊಂದು ಗರಿ ಮಲಗಿದ ಜಾಗ ಹುಡುಕಿ, ಮೇಲಿನದ್ದನ್ನ ಸರಿಸಿ. ನೆರಳು ಬಿದ್ದ ಅಷ್ಟು ಭಾಗ ಮಾತ್ರ ಹಸಿರಾಗಿ, ಬಿಸಿಲು ಬಿದ್ದಲ್ಲಿ ಹಳದಿ ಆಗಿದ್ದು ಗಡಿ ಗೆರೆ ಎಳೆದ ಹಾಗೆ ಕಾಣ್ತದೆ ಅಂದ್ರೆ ಅದು ಮೆಗ್ನೀಷಿಯಂ ಕೊರತೆ. ಇಷ್ಟು ಸ್ಪಷ್ಟ ಗುರುತು ಬೇರೆ ಯಾವ ಪೋಷಕಾಂಶಕ್ಕೂ ಇಲ್ಲ. ಪೊಟ್ಯಾಷ್ ಕೊರತೆ ಬೇರೆ ಥರ, ಹಳೇ ಗರಿಯಲ್ಲಿ ಮೊದ್ಲು ಮಸುಕು ಚುಕ್ಕೆ, ಆಮೇಲೆ ಕಿತ್ತಳೆ ಚುಕ್ಕೆ, ಬೆಳಕಿಗೆ ಹಿಡಿದ್ರೆ ಚುಕ್ಕೆಯ ಮೂಲಕ ಬೆಳಕು ಕಾಣ್ತದೆ, ಇದಕ್ಕೆ ನೆರಳು ಬಿಸಿಲಿನ ವ್ಯತ್ಯಾಸ ಇಲ್ಲ. ಆದ್ರೆ ಅಕ್ಕಪಕ್ಕದ ಎಲ್ಲ ಮರ ಹಸಿರಾಗಿದ್ದು ಒಂದೇ ಮರದಲ್ಲಿ ಜೋರು ಕಿತ್ತಳೆ ಚುಕ್ಕೆ ಇದ್ರೆ ಅದು ಆ ಗಿಡದ ಜಾತಿ ಗುಣವೂ ಆಗಿರ್ಬಹುದು, ತಲೆ ಕೆಡಿಸ್ಕೊಳ್ಬೇಡಿ. ಹೊಸ ಗರಿಯ ತುದಿ ಕೊಕ್ಕೆಯ ಹಾಗೆ ಬಾಗಿದ್ರೆ, ಗರಿ ಸುಕ್ಕಾಗಿದ್ರೆ ಬೋರಾನ್.

ಎಲೆ ಟೆಸ್ಟ್ ಮಾಡಿಸೋದಾದ್ರೆ 17ನೇ ಮಡಲು. ಲೆಕ್ಕ ಹಾಕೋದು ಸುಲಭ, ಪೂರ್ತಿ ಬಿಚ್ಚಿದ ಎಳೇ ಮಡಲು 1, ಅದೇ ಸುರುಳಿ ಸಾಲಲ್ಲಿ ಅದರ ಕೆಳಗಿನದ್ದು 9, ಅದರ ಕೆಳಗಿನದ್ದು 17. ಅದರ ನಡುಭಾಗದ ಗರಿ ತೆಗೆಯೋದು. ದೊಡ್ಡ ಮರಕ್ಕೆ ಸಾರಜನಕ 2.3 ಶೇಕಡಾ, ರಂಜಕ 0.15, ಪೊಟ್ಯಾಷಿಯಂ 1.0, ಮೆಗ್ನೀಷಿಯಂ 0.20, ಇದರಿಂದ ಕೆಳಗೆ ಹೋದ್ರೆ ಕೊರತೆ ಅಂತ ಸಾಮಾನ್ಯವಾಗಿ ಹಿಡಿಯೋದು.

ಇಷ್ಟು ವರ್ಷದಲ್ಲಿ ಮಣ್ಣಿಗೆ ಆಗಿದ್ದೇನು

ತಾಳೆಯನ್ನ 9 ಮೀಟರ್ ತ್ರಿಕೋನದಲ್ಲಿ ನೆಡ್ತಾರೆ, ಹೆಕ್ಟೇರಿಗೆ 143 ಮರ, ಅಂದ್ರೆ ಒಂದು ಮರದ ಪಾಲಿಗೆ ಸುಮಾರು 70 ಚದರ ಮೀಟರ್ ಜಾಗ. ನಾವು ಕಳೆ ತೆಗೆದು ಗೊಬ್ಬರ ಹಾಕೋ ಬುಡದ ಉಂಗುರ 2 ಮೀಟರ್ ಅಂದ್ರೂ ಹನ್ನೆರಡೂವರೆ ಚದರ ಮೀಟರ್ ಅಷ್ಟೇ, ಐದರಲ್ಲಿ ಒಂದು ಪಾಲೂ ಇಲ್ಲ. ನಮ್ಮ ದೇಶದಲ್ಲಿ ಹೇಳೋ ಪ್ರಮಾಣ ದೊಡ್ಡ ಮರಕ್ಕೆ ವರ್ಷಕ್ಕೆ 1200 ಗ್ರಾಂ ಸಾರಜನಕ, 600 ರಂಜಕ, ಪೊಟ್ಯಾಷ್ 1200ರಿಂದ ಮೇಲೆ. ಅಷ್ಟೂ ಸಾರಜನಕ ಆ ಸಣ್ಣ ಉಂಗುರಕ್ಕೇ ಬಿದ್ರೆ ಆ ಜಾಗದ ಮಟ್ಟಿಗೆ ಹೆಕ್ಟೇರಿಗೆ 950 ಕೆಜಿ ಸುರಿದ ಲೆಕ್ಕ! ಭತ್ತಕ್ಕೆ ಯಾರಾದ್ರೂ ಇಷ್ಟು ಹಾಕ್ತಾರಾ? ಇದನ್ನ ವರ್ಷ ವರ್ಷ, ಅದೇ ಜಾಗಕ್ಕೆ.

ಅಮೋನಿಯಂ ರೂಪದ ಸಾರಜನಕ ಮಣ್ಣಲ್ಲಿ ನೈಟ್ರೇಟ್ ಆಗುವಾಗ ಹುಳಿ ಬಿಡ್ತದೆ, ಆ ನೈಟ್ರೇಟು ನಮ್ಮ ಮಳೆಗೆ ತೊಳೆದು ಇಳಿಯುವಾಗ ಕ್ಯಾಲ್ಸಿಯಂ ಮೆಗ್ನೀಷಿಯಂ ಪೊಟ್ಯಾಷಿಯಂನ್ನ ಜೊತೆಗೆ ಎಳ್ಕೊಂಡು ಹೋಗ್ತದೆ. ಲೆಕ್ಕದಲ್ಲಿ 1 ಕೆಜಿ ಅಮೋನಿಯಂ ಸಲ್ಫೇಟಿನ ಹುಳಿ ತೆಗೀಲಿಕ್ಕೆ 1.1 ಕೆಜಿ ಸುಣ್ಣದಕಲ್ಲು ಪುಡಿ ಬೇಕು, ಯೂರಿಯಾಕ್ಕೆ ಸುಮಾರು 0.8. ನಮ್ಮ ಮುರ (ಜಂಬಿಟ್ಟಿಗೆ) ಮಣ್ಣು ಮೊದ್ಲೇ ಹುಳಿ, ಪೋಷಕಾಂಶ ಹಿಡಿದಿಡೋ ಶಕ್ತಿ ಕಮ್ಮಿ. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ನಾಲ್ಕೂವರೆಯಿಂದ ಕೆಳಗೆ ಜಾರಿದ್ರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ನೀರಿಗೆ ಬರ್ತದೆ, ಎಳೇ ಬೇರಿನ ತುದಿ ಅದಕ್ಕೆ ಮುರುಟ್ತದೆ. ಬೇರು ಕಮ್ಮಿ ಆದ್ಮೇಲೆ ನೀವು ಎಷ್ಟು ಹಾಕಿದ್ರೂ ಹೀರೋರು ಯಾರು? ರಂಜಕದ್ದು ಇನ್ನೊಂದು ಕಥೆ, ರಾಕ್ ಫಾಸ್ಫೇಟ್ ಎಲ್ಲಿಗೂ ಹೋಗದೆ ಬುಡದಲ್ಲೇ ಕೂಡ್ತಾ ಹೋಗ್ತದೆ, ಅದರಿಂದ ಎರಡು ಮೀಟರ್ ಆಚೆ ಕಬ್ಬಿಣ ಅಲ್ಯೂಮಿನಿಯಂ ಹಿಡಿದ ಬಡ ಮಣ್ಣು ಹಾಗೆಯೇ ಇರ್ತದೆ.

ಮಡಲು ಸಾಲು ಇದಕ್ಕೆ ಪೂರ್ತಿ ಉಲ್ಟಾ. ತಾಳೆ ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಮಡಲು ಬಿಡ್ತದೆ, ಕಡಿದದ್ದೆಲ್ಲ ಒಂದೇ ಸಾಲಲ್ಲಿ ಹದಿನೈದು ವರ್ಷ ಬಿದ್ದು ಕೊಳೆತ್ರೆ ಅಡಿಯಲ್ಲಿ ಕಪ್ಪು, ಮೆತ್ತಗಿನ, ಎರೆಹುಳ ತುಂಬಿದ ಮಣ್ಣು. ಅಲ್ಲಿ ಸಾವಯವ ಇಂಗಾಲ ಏರ್ತದೆ, ನೀರು ಸಲೀಸಾಗಿ ಇಳೀತದೆ, ಬಿಳಿ ಬೇರು ಹೆಣೆದುಕೊಂಡಿರ್ತದೆ. ಕೊಯ್ಲಿನ ದಾರಿ ಮಾತ್ರ ವರ್ಷದಿಂದ ವರ್ಷಕ್ಕೆ ಗಟ್ಟಿ, ಮಳೆಗಾಲದ ಒದ್ದೆ ಮಣ್ಣಿನ ಮೇಲೆ ಗೊನೆ ತುಂಬಿದ ಗಾಡಿ ಹೋಗಿ ಹೋಗಿ ಸಿಮೆಂಟ್ ಆಗಿರ್ತದೆ.

ವಯಸ್ಸಿನ ಕ್ರಮ ಬೇಕಾದ್ರೆ ಹೀಗೆ ಹೇಳ್ಬಹುದು: ಮೊದಲ ಮೂರ್ನಾಲ್ಕು ವರ್ಷ ನೆಲ ಬೋಳು, ಮೇಲ್ಮಣ್ಣು ಕೊಚ್ಚಿ ಹೋಗಿ ಇಂಗಾಲ ಇಳಿಯೋ ಕಾಲ, ಕಾಡು ಕಡಿದು ನೆಟ್ಟಲ್ಲಿ ಈ ಇಳಿತ ಜೋರು. ಆಮೇಲೆ ಚಪ್ಪರ ಮುಚ್ತದೆ, ಕೆಳಗಿನ ಹುಲ್ಲು ಬಳ್ಳಿ ನೆರಳಿಗೆ ಸಾಯ್ತದೆ. ಎಂಟು ಹತ್ತರ ಮೇಲೆ ಮಡಲು ಸಾಲು ಚೇತರಿಸ್ತದೆ, ಬುಡ ಮತ್ತು ದಾರಿ ಚೇತರಿಸೋದಿಲ್ಲ, ಅಂತರ ಹೆಚ್ತಾ ಹೋಗ್ತದೆ. ಮಲೇಷಿಯಾ ಇಂಡೋನೇಷಿಯಾದ ಸಲಹೆ ಇಂಟರ್ನೆಟ್ಟಲ್ಲಿ ಓದುವಾಗ ಒಂದು ಜಾಗ್ರತೆ, ಅಲ್ಲಿ ಕೆಲವು ತೋಟ ಪೀಟ್ ಮಣ್ಣಲ್ಲಿ (ಜೌಗಲ್ಲಿ ಗಿಡ ಅರ್ಧ ಕೊಳೆತು ಆದ ಮಣ್ಣು), ಮಳೆಯೂ ವರ್ಷವಿಡೀ ಹಂಚಿ ಬೀಳ್ತದೆ. ನಮ್ಮಲ್ಲಿ ಹೆಚ್ಚುಕಮ್ಮಿ ನಾಲ್ಕು ಸಾವಿರ ಮಿಲಿಮೀಟರ್, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಅವರ ಗೊಬ್ಬರದ ಕ್ಯಾಲೆಂಡರ್ ಇಲ್ಲಿ ನಡೆಯೋದಿಲ್ಲ.

ಮಣ್ಣು ತೆಗೆಯೋದು, ಅಂದ್ರೆ ನಾಲ್ಕು ಪ್ಯಾಕೆಟ್

ಮಳೆಗಾಲ ಮುಗಿದು ಗೊಬ್ಬರ ಹಾಕೋ ಮೊದ್ಲು ತೆಗೆಯಿರಿ, ಹಾಕಿ ಮೂರು ತಿಂಗಳು ಆಗದೆ ಬೇಡ. ಬೆಟ್ಟು, ಮಜಲು, ಬಯಲು (ಎತ್ತರದ್ದು, ನಡುವಿನದ್ದು, ತಗ್ಗಿನದ್ದು) ಅಂತ ನೆಲ ಬೇರೆ ಬೇರೆ ಇದ್ರೆ ಅದನ್ನ ಕಲಸೋದು ಅಂತೂ ಬೇಡವೇ ಬೇಡ, ಒಂದೊಂದರಲ್ಲೂ ಎಂಟು ಹತ್ತು ಮರ ಗುರುತು ಮಾಡಿ. ಬುಡದಿಂದ ಒಂದೂವರೆ ಮೀಟರ್ ದೂರದ್ದು ಒಂದು ಪ್ಯಾಕೆಟ್, ಮಡಲು ಸಾಲಿನ ಅಡಿದ್ದು ಇನ್ನೊಂದು, ದಾರಿದ್ದು ಮತ್ತೊಂದು, ಮುಟ್ಟದ ನಡು ಜಾಗದ್ದು ನಾಲ್ಕನೇದು. ಆಳ 0-20 ಸೆಂಟಿಮೀಟರ್, ಬುಡದ್ದು ಮಾತ್ರ 20-40 ಕೂಡ ಬೇರೆ ತೆಗೆಯಿರಿ, ಯಾಕಂದ್ರೆ ಮೇಲೆ ಸುಣ್ಣ ಹಾಕಿ ಸರಿ ಕಂಡ್ರೂ ಕೆಳಗೆ ಹುಳಿ ಹಾಗೇ ಕೂತಿರ್ತದೆ. ಮಡಲು ಸಾಲಲ್ಲಿ ಕೊಳೆಯದ ನಾರು ಸರಿಸಿ ಮಣ್ಣು ಶುರು ಆದಲ್ಲಿಂದ ಅಳೆಯೋದು, ಇಲ್ಲದಿದ್ರೆ ಗೊಬ್ಬರದ ಟೆಸ್ಟ್ ಮಾಡಿಸಿದ ಹಾಗಾಗ್ತದೆ.

ಐದನೇದು ಒಂದು ಉಂಟು, ಅದನ್ನ ಯಾರೂ ತೆಗೆಯೋದಿಲ್ಲ. ನೆಟ್ಟ ವರ್ಷದ ರಿಪೋರ್ಟ್ ಯಾರ ಹತ್ರ ಇರ್ತದೆ ಹೇಳಿ? ಹಾಗಾಗಿ ಅದೇ ಇಳಿಜಾರಿನ, ಅದೇ ಎತ್ತರದ, ತೋಟ ಮಾಡದ ಜಾಗದ ಮಣ್ಣು, ಕುಮ್ಕಿ (ಜಮೀನಿಗೆ ತಾಗಿದ ಸರಕಾರಿ ಜಾಗ) ಇದ್ರೆ ಕುಮ್ಕಿಯದ್ದೇ, ಒಂದು ಪ್ಯಾಕೆಟ್. ಅದರ ಪಿಎಚ್ಚೂ ನಾಲ್ಕು ಮುಕ್ಕಾಲು, ನಿಮ್ಮ ಬುಡದ್ದೂ ನಾಲ್ಕು ಮುಕ್ಕಾಲು ಅಂದ್ರೆ ಹುಳಿ ತೋಟದ ತಪ್ಪಲ್ಲ, ನೆಲದ ಗುಣ.

ಪಿಎಚ್ ಮನೆಯಲ್ಲೇ ನೋಡ್ಬೇಕು ಅನ್ನೋರು ಪಾಕೆಟ್ ಮೀಟರ್ ತಗೊಳ್ಳಿ, ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು, ಕಲಕಿ ಅರ್ಧ ಗಂಟೆ ಬಿಟ್ಟು ಅಳೆಯಿರಿ. ನೀರು ಬಾವಿದ್ದು ಬೇಡ, ಪೆಟ್ರೋಲ್ ಬಂಕಲ್ಲಿ ಸಿಗೋ ಬ್ಯಾಟರಿ ನೀರು ಸಾಕು.

ಪೈಪ್ ತುಂಡು ಮತ್ತು ಸರಳು

ಲ್ಯಾಬಲ್ಲಿ ಕಾಣದ ದೋಷ ಒಂದುಂಟು, ನೆಲ ಗಟ್ಟಿ ಆಗಿರೋದು. ಆರು ಇಂಚಿನ ಪಿವಿಸಿ ಪೈಪ್ ಒಂದು ಅಡಿ ಉದ್ದ ಕತ್ತರಿಸಿ, ಅಂಚು ಅರದಿಂದ ಚೂಪು ಮಾಡಿ, ಹಲಗೆ ಇಟ್ಟು ಬಡಿದು ಎರಡು ಇಂಚು ನೆಲಕ್ಕೆ ಇಳಿಸಿ. ಒಂದು ಲೀಟರ್ ಸುರಿದು ಇಂಗಲಿ, ಅದು ನೆಲ ಒದ್ದೆ ಮಾಡ್ಲಿಕ್ಕೆ. ಎರಡನೇ ಲೀಟರಿಗೆ ಮೊಬೈಲಲ್ಲಿ ಸಮಯ ನೋಡಿ. ಮಡಲು ಸಾಲಲ್ಲಿ ನೀರು ಗುಳುಂ ಅಂತ ಹೋಗ್ತದೆ, ದಾರಿಯಲ್ಲಿ ನಿಂತೇ ಇರ್ತದೆ. ಆ ಎರಡು ಗೊತ್ತಿರೋದೇ, ನೋಡ್ಬೇಕಾದ್ದು ಬುಡದಲ್ಲಿ. ಬುಡದ ಸಮಯ ದಾರಿಯ ಸಮಯಕ್ಕೆ ಹತ್ತಿರ ಬಂದಿದ್ರೆ ನಿಮ್ಮ ಗೊಬ್ಬರ ಮಳೆ ನೀರಿನ ಜೊತೆ ನೆಲದ ಮೇಲಿಂದಲೇ ಕಣಿಗೆ (ಬಸಿಗಾಲುವೆಗೆ) ಹೋಗ್ತಾ ಉಂಟು. ಕಳೆನಾಶಕ ಹೊಡೆದು ಬುಡ ವರ್ಷವಿಡೀ ಬೋಳಾಗಿಟ್ಟ ತೋಟದಲ್ಲಿ ಇದು ಸಾಮಾನ್ಯ, ಮಡಲಿಂದ ಬೀಳೋ ದಪ್ಪ ಹನಿ ಬೋಳು ಮಣ್ಣಿಗೆ ಬಡಿದು ಮೇಲೆ ಚಕ್ಕೆ ಕಟ್ತದೆ.

ಮಳೆ ಬಂದ ಮರುದಿನ 8 ಎಂಎಂ ಸರಳು ಕೈಯಲ್ಲಿ ಒತ್ತಿ ನೋಡಿ, ಎಲ್ಲಿ ಎಷ್ಟು ಇಳೀತದೆ ಅಂತ. ಟಕ್ ಅಂತ ನಿಂತ್ರೆ ಕಲ್ಲು, ಪಕ್ಕಕ್ಕೆ ಸರಿಸಿ ಮತ್ತೆ ಒತ್ತಿ. ಎಲ್ಲಿ ಒತ್ತಿದ್ರೂ ಒಂದೇ ಆಳದಲ್ಲಿ ಬಿಗಿಯಾದ್ರೆ ಅದು ಗಟ್ಟಿ ಪದರ. ಮುರ ಮಣ್ಣಲ್ಲಿ ಈ ವ್ಯತ್ಯಾಸ ತಿಳಿಯದೆ ಜನ ಕಲ್ಲಿಗೆ ಹೆದರಿ ಜೆಸಿಬಿ ತರಿಸ್ತಾರೆ. ಮಜಲು ಬಯಲಿನವರು ಹಾರೆಯಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು ಮಣ್ಣಿನ ಬಣ್ಣ ನೋಡಿ, ಬೂದು ಮಣ್ಣಲ್ಲಿ ತುಕ್ಕಿನ ಚುಕ್ಕೆ ಇದ್ರೆ ಅಲ್ಲಿ ನೀರು ನಿಲ್ತದೆ, ಮೊದ್ಲು ಕಣಿ ಬಿಡಿಸಿ, ಉಳಿದದ್ದು ಆಮೇಲೆ.

ರಿಪೋರ್ಟ್ ಬಂದ ಮೇಲೆ

2015ರಲ್ಲಿ ಶುರುವಾದ ಸಾಯಿಲ್ ಹೆಲ್ತ್ ಕಾರ್ಡಲ್ಲಿ 12 ಅಂಶ ಇರ್ತದೆ, ಅದರಲ್ಲಿ ಮೆಗ್ನೀಷಿಯಂ ಇಲ್ಲ, ಕ್ಯಾಲ್ಸಿಯಂ ಇಲ್ಲ, ಅಲ್ಯೂಮಿನಿಯಂ ಇಲ್ಲ, ನೆಲದ ಬಿಗಿತ ಅಂತೂ ಇಲ್ಲವೇ ಇಲ್ಲ. ಅಂದ್ರೆ ಹಳೇ ತಾಳೆ ತೋಟದಲ್ಲಿ ಕೆಡೋ ಮುಖ್ಯ ಸಂಗತಿಗಳೇ ಅದರಲ್ಲಿ ಕಾಣೋದಿಲ್ಲ. ಕಾರ್ಡ್ ತಪ್ಪು ಅಂತಲ್ಲ, ಅದು ಈ ಕೆಲಸಕ್ಕೆ ಮಾಡಿದ್ದಲ್ಲ. ಲ್ಯಾಬಲ್ಲಿ ಮೆಗ್ನೀಷಿಯಂ ಕ್ಯಾಲ್ಸಿಯಂ ಬೇರೆ ಕೇಳಿ ಮಾಡಿಸಿ, ರಂಜಕ ಬ್ರೇ ವಿಧಾನದಲ್ಲಿ ಮಾಡ್ತಾರಾ ಅಂತ ಕೇಳಿ, ಓಲ್ಸನ್ ವಿಧಾನ ನಮ್ಮ ಹುಳಿ ಮಣ್ಣಿಗೆ ಹೇಳಿದ್ದಲ್ಲ. ಸಾವಯವ ಇಂಗಾಲ 0.75 ಶೇಕಡಾ ದಾಟಿದ್ರೆ ಅಧಿಕ ಅಂತ ಬರೀತಾರೆ, ನಮ್ಮ ಕರಾವಳಿ ಮಣ್ಣಿಗೆ ಅದು ದೊಡ್ಡ ಸಂಗತಿ ಅಲ್ಲ, ಅದನ್ನ ನೋಡಿ ಸಾರಜನಕ ಕಮ್ಮಿ ಮಾಡ್ಬೇಡಿ.

ಈಗ ಹೋಲಿಸಿ. ಬುಡದ ಪಿಎಚ್ ನಡು ಜಾಗದ್ದಕ್ಕಿಂತ 0.5ಕ್ಕೂ ಹೆಚ್ಚು ಕೆಳಗೆ, ರಂಜಕ ಬುಡದಲ್ಲಿ ರಾಶಿ, ಮೆಗ್ನೀಷಿಯಂ ತಳ ಹಿಡಿದಿದೆ, ಮಡಲಲ್ಲಿ ನೆರಳಿನ ಗುರುತೂ ಉಂಟು: ಇದು ಉಂಗುರದ ದೋಷ, ಹಳೇ ತೋಟದಲ್ಲಿ ಮೊದ್ಲು ಅನುಮಾನಿಸಬೇಕಾದ್ದು ಇದನ್ನೇ. ಬುಡ ಮತ್ತು ನಡು ಜಾಗ ಎರಡೂ ಒಂದೇ ಥರ ಬಡವಾಗಿ, ಮಡಲು ಸಾಲು ಮಾತ್ರ ಚೆನ್ನಾಗಿದ್ರೆ ಗೊಬ್ಬರವೇ ಸಾಲ್ತಾ ಇಲ್ಲ, ಯಾಕಂದ್ರೆ ಒಂದು ಟನ್ ಗೊನೆ ತೋಟದಿಂದ ಆಚೆ ಹೋದ್ರೆ ಸುಮಾರು 3 ಕೆಜಿ ಸಾರಜನಕ, 3.7 ಕೆಜಿ ಪೊಟ್ಯಾಷಿಯಂ ಅದರ ಜೊತೆ ಹೋಯ್ತು ಅಂತಲೇ. ಪೊಟ್ಯಾಷ್ ಧಾರಾಳ, ಮೆಗ್ನೀಷಿಯಂ ಮಾತ್ರ ಕಮ್ಮಿ ಅಂತ ಬಂದ್ರೆ ಪೊಟ್ಯಾಷೇ ಜಾಸ್ತಿ ಆಗಿ ಮೆಗ್ನೀಷಿಯಂ ಒಳಗೆ ಹೋಗದ ಹಾಗೆ ಮಾಡಿದೆ.

ಸರಿ ಮಾಡೋದು

ಉಂಗುರದ ದೋಷಕ್ಕೆ ಮೊದಲ ಮದ್ದು ಖರ್ಚಿಲ್ಲದ್ದು: ಗೊಬ್ಬರ ಬುಡದಿಂದ ಆಚೆ ಹಾಕಿ. ಗಿಡ ಮೂರು ವರ್ಷದ್ದಿದ್ದಾಗ ಉಂಗುರಕ್ಕೆ ಹಾಕಿದ್ದು ಸರಿ, ಹದಿನೈದು ವರ್ಷದ ಮರದ ಬೇರು ಪಕ್ಕದ ಮರದ ಬೇರಿನ ಜೊತೆ ಸೇರಿ ಆಗಿದೆ, ಈಗಲೂ ಕೂಲಿಯವರು ಅಭ್ಯಾಸಬಲದಲ್ಲಿ ಕಾಂಡಕ್ಕೆ ತಾಗಿಸಿ ಸುರಿದು ಬರ್ತಾರೆ, ಎದುರು ನಿಂತು ಹೇಳ್ಬೇಕು. ಮಡಲು ಸಾಲಿನ ಅಂಚಿಗೂ ಸಾಲಿನ ಮೇಲೂ ಎರಚಿದ್ರೆ ಅಲ್ಲಿ ಬೇರೂ ಉಂಟು, ಹಿಡಿದಿಡೋ ಶಕ್ತಿಯೂ ಉಂಟು. ಯೂರಿಯಾ ಮಾತ್ರ ಒಣ ಮಡಲ ಮೇಲೆ ಬಿಸಿಲಲ್ಲಿ ಎರಚಿದ್ರೆ ಅಮೋನಿಯಾ ಆಗಿ ಹಾರಿ ಹೋಗ್ತದೆ, ಒದ್ದೆ ಇರುವಾಗ ಹಾಕಿ, ಡ್ರಿಪ್ ಇದ್ರೆ ಅಕ್ಟೋಬರಿಂದ ಮೇವರೆಗೆ ಸ್ವಲ್ಪ ಸ್ವಲ್ಪ ಅದರಲ್ಲೇ ಬಿಡಿ. ಜೂನ್ ಜುಲೈಯಲ್ಲಿ ಹಾಕಿದ್ದು ಹೊಳೆಗೆ.

ಹುಳಿಗೆ ಡಾಲಮೈಟ್, ಯಾಕಂದ್ರೆ ಅದರಲ್ಲಿ ಮೆಗ್ನೀಷಿಯಮ್ಮೂ ಉಂಟು. ಬುಡದ ಉಂಗುರಕ್ಕೆ ಮರಕ್ಕೆ ಒಂದೆರಡು ಕೆಜಿ, ಯೂರಿಯಾ ಹಾಕೋದಕ್ಕಿಂತ ಮೂರ್ನಾಲ್ಕು ವಾರ ಮೊದ್ಲು, ಎರಡನ್ನೂ ಒಟ್ಟಿಗೆ ಹಾಕಿದ್ರೆ ಸಾರಜನಕ ಗಾಳಿಗೆ. ಮಡಲು ಆಗಲೇ ಹಳದಿ ಆಗಿದ್ರೆ ಡಾಲಮೈಟ್ ನಿಧಾನ, ಅದಕ್ಕೆ ಮೆಗ್ನೀಷಿಯಂ ಸಲ್ಫೇಟ್ 500 ಗ್ರಾಂ ಬೇರೆ ಕೊಡಿ. ಪಿಎಚ್ ಆರೂವರೆಗೆ ತರ್ತೇನೆ ಅಂತ ಹಠ ಬೇಡ. ತಾಳೆ ಹುಳಿ ತಡೆಯೋ ಮರ, ಐದು ಐದೂವರೆ ಬಂದ್ರೆ ಧಾರಾಳ ಆಯ್ತು, ಸುಣ್ಣ ಅತಿ ಆದ್ರೆ ಪೊಟ್ಯಾಷ್, ಬೋರಾನ್ ಎರಡೂ ಸಿಗದ ಹಾಗಾಗಿ ಹೊಸ ದೋಷ ಶುರು ಆಗ್ತದೆ. ಬುಡದಲ್ಲಿ ರಂಜಕ ತುಂಬಿದ್ದು, ಎಲೆಯಲ್ಲೂ 0.15ರ ಮೇಲೆ ಇದ್ರೆ ರಾಕ್ ಫಾಸ್ಫೇಟ್ ದುಡ್ಡು ಒಂದೆರಡು ವರ್ಷ ಉಳಿಸಿ ಡಾಲಮೈಟಿಗೆ ಹಾಕಿ.

ದಾರಿ ಗಟ್ಟಿ ಆದದ್ದನ್ನ ಸಡಿಲ ಮಾಡ್ಲಿಕ್ಕೆ ಹೋಗ್ಬೇಡಿ, ನನ್ನ ಅಭಿಪ್ರಾಯದಲ್ಲಿ ಅದು ದಂಡ ಕೆಲಸ. ಎರಡು ಸಾಲಿಗೊಂದು ದಾರಿ ಅಂತ ನಿಗದಿ ಮಾಡಿ ಗಾಡಿ ಅದರಲ್ಲೇ ಹೋಗ್ಲಿ, ಎಲ್ಲ ಕಡೆ ಓಡಾಡಿಸದೆ ಇದ್ರೆ ಸಾಕು. ಮಡಲು ರಾಶಿಯನ್ನ ಮಾತ್ರ ಒಂದೇ ಗೆರೆಯಲ್ಲಿ ಇಡದೆ ಅಗಲಕ್ಕೆ ಹರಡಿ, ಬರೆಯಲ್ಲಾದ್ರೆ ಇಳಿಜಾರಿಗೆ ಅಡ್ಡ ಹಾಕಿ, ಮುಳ್ಳಿನ ಬುಡ ಭಾಗ ಕಡಿದು ಪಕ್ಕಕ್ಕಿಟ್ಟು ಗರಿ ಇರೋ ತುದಿಯನ್ನ ಬುಡದ ಉಂಗುರದ ಅಂಚಿಗೂ ತನ್ನಿ. ಮಲೇಷಿಯಾದಲ್ಲಿ ಹಣ್ಣು ತೆಗೆದ ಖಾಲಿ ಗೊನೆಯನ್ನ ಮಿಲ್ಲಿಂದ ವಾಪಸ್ ತಂದು ಹರಡ್ತಾರೆ, ಅದರಲ್ಲಿ ಪೊಟ್ಯಾಷ್ ಜಾಸ್ತಿ. ನಮಗೆ ಮಿಲ್ಲು ದೂರ, ಅದರ ಬದಲಿಗೆ ಹಟ್ಟಿಗೊಬ್ಬರ, ಅಡಿಕೆ ಸಿಪ್ಪೆ, ಗುಡ್ಡೆಯ ಸೊಪ್ಪು. ಸುಡುಮಣ್ಣು (ಕಸ ಸೊಪ್ಪಿನ ಜೊತೆ ಸುಟ್ಟ ಮಣ್ಣು) ಮಾಡೋ ಮನೆಗಳು ಇನ್ನೂ ಇದ್ರೆ ಅದೂ ಒಳ್ಳೇದು, ಬೂದಿಯಲ್ಲಿ ಪೊಟ್ಯಾಷೂ ಉಂಟು, ಹುಳಿಯೂ ಸ್ವಲ್ಪ ಇಳೀತದೆ.

ಮರಕ್ಕೆ ಇಪ್ಪತ್ತೈದು ಆಗಿ, ದೋಟಿಗೆ ಗೊನೆ ಸಿಗದಷ್ಟು ಎತ್ತರ ಹೋಗಿದ್ರೆ ಇಷ್ಟೆಲ್ಲ ಖರ್ಚು ಬೇಡ, ಮರುನಾಟಿಯ ಲೆಕ್ಕ ಹಾಕಿ. ಆಗ ಕಾಂಡ ಸುಡದೆ ಸಣ್ಣ ತುಂಡು ಮಾಡಿ ಅಲ್ಲೇ ಹರಡಿ, ಆ ಕಾಂಡದಲ್ಲಿ ಸೇರಿಕೊಂಡ ಪೊಟ್ಯಾಷ್ ನೆಲಕ್ಕೆ ವಾಪಸ್ ಬರ್ತದೆ, ಹೊಸ ಗಿಡವನ್ನ ಹಳೇ ಬುಡದ ಜಾಗದಲ್ಲಿ ನೆಡದೆ ಹಳೇ ಮಡಲು ಸಾಲಿನ ಕಡೆ ಸರಿಸಿ ನೆಡಿ. ಅಣಬೆ ರೋಗ ಇದ್ದ ಬುಡ ಮಾತ್ರ ಬೇರು ಸಮೇತ ಕಿತ್ತು ತೆಗೀಲೇಬೇಕು.

ಉಳಿದವರು ಗುರುತು ಮಾಡಿದ ಮರಗಳಿಗೆ ಪೇಂಟ್ ಬಳಿದು ಇಡಿ. ಎಲೆಯಲ್ಲಿ ಬದಲಾವಣೆ ಕಾಣ್ಲಿಕ್ಕೆ ಒಂದು ವರ್ಷ, ಗೊನೆಯಲ್ಲಿ ಕಾಣ್ಲಿಕ್ಕೆ ಎರಡು ಎರಡೂವರೆ ವರ್ಷ ಬೇಕು, ಆರು ತಿಂಗಳಿಗೆ ಏನೂ ಆಗ್ಲಿಲ್ಲ ಅಂತ ಗೊಬ್ಬರ ಬದಲಾಯಿಸಿದ್ರೆ ಯಾವುದರಿಂದ ಸರಿ ಆಯ್ತು ಅಂತ ಮತ್ತೆ ತಿಳಿಯೋದಿಲ್ಲ. ಎರಡು ವರ್ಷದ ಮೇಲೆ ಅದೇ ಮರ, ಅದೇ ತಿಂಗಳು, ಅದೇ ನಾಲ್ಕು ಜಾಗ, ಅದೇ ಲ್ಯಾಬ್.